ಮರಗೆಣಸಿನ ವಿಷ ಇಳಿಸಿದವರು

ಹಸಿ ಮರಗೆಣಸು ಸಯನೈಡ್ ಬಿಡುವ ಗೆಡ್ಡೆ. ಅದನ್ನು ಕೊಯ್ದಾಗ, ಜಜ್ಜಿದಾಗ ಜೀವಕೋಶಗಳು ಒಡೆದು ಲಿನಾಮರಿನ್ ಎಂಬ ವಸ್ತು ಕಿಣ್ವದ ಜೊತೆ ಬೆರೆಯುತ್ತದೆ. ವಿಷ ಹೊರಬರುವುದು ಆಗಲೇ. ಇಷ್ಟೆಲ್ಲ ರಸಾಯನಶಾಸ್ತ್ರ ಹುಟ್ಟುವ ಎಷ್ಟೋ ಮೊದಲೇ ಅಮೆಜಾನ್ ಸೀಮೆಯ ಜನ ಉಪಾಯ ಕಂಡುಕೊಂಡಿದ್ದರು.

ಕಹಿ ಜಾತಿಯ ಗೆಡ್ಡೆಯನ್ನು ಅವರು ಸಿಪ್ಪೆ ಹೆರೆದು ತುರಿಯುತ್ತಾರೆ. ತುರಿಯನ್ನು ‘ತಿಪಿಟಿ’ ಎಂಬ ಹೆಣೆದ ಉದ್ದನೆಯ ಚೀಲದಲ್ಲಿ ತುಂಬಿ ತೂಗುಹಾಕುತ್ತಾರೆ. ಕೆಳತುದಿ ಹಿಡಿದು ಜಗ್ಗಿದರೆ ಚೀಲ ನೀಳವಾಗಿ, ಸಪೂರವಾಗಿ, ಹಳದಿ ರಸ ತೊಟ್ಟಿಕ್ಕುತ್ತದೆ. ಹಿಂಡಿದ ಹಿಟ್ಟನ್ನು ಹುರಿದರೆ ಊಟಕ್ಕಾಯಿತು. ಆ ವಿಷರಸವೂ ದಂಡವಲ್ಲ: ಚೆನ್ನಾಗಿ ಕುದಿಸಿದರೆ ಅದು ಅಡುಗೆಗೆ ಬೇಕಾದ ‘ತುಕುಪಿ’. ಇದನ್ನು ವಿಜ್ಞಾನವೆನ್ನದೆ ಬೇರೇನನ್ನಬೇಕು?

ಪೋರ್ಚುಗೀಸರು 16ನೇ ಶತಮಾನದಲ್ಲಿ ಗೆಡ್ಡೆಯನ್ನು ಆಫ್ರಿಕಾಕ್ಕೆ ಒಯ್ದರು. ಅಲ್ಲಿನವರೂ ನೆನೆಸುವ, ಒಣಗಿಸುವ ಕ್ರಮಗಳನ್ನು ರೂಢಿಸಿಕೊಂಡರು. ಆದರೆ ಹಸಿವಿಗೆ ತಾಳ್ಮೆಯಿಲ್ಲ. 1981ರ ಬರದಲ್ಲಿ ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದ ಜನ, ವಿಷ ಇಳಿಯುವಷ್ಟು ದಿನ ಕಾಯಲಾರದೆ ಕಹಿ ಗೆಡ್ಡೆ ತಿಂದರು. ಸಾವಿರಕ್ಕೂ ಹೆಚ್ಚು ಮಂದಿಗೆ ಕಾಲಿನ ಶಕ್ತಿ ಉಡುಗಿತು. ಹೆಚ್ಚಿನವರು ಹೆಂಗಸರು, ಮಕ್ಕಳು.

ಇತ್ತ ನಮ್ಮಲ್ಲಿ, ಇಂದಿನ ಕೇರಳದ ಭಾಗವಾದ ತಿರುವಾಂಕೂರಿನಲ್ಲಿ ಮರಗೆಣಸಿನ ಬೆಳೆಗೆ ಒತ್ತಾಸೆಯಾದವರು 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು. ವಿಷವೆಂದು ಹೆದರಿದ ಪ್ರಜೆಗಳಿಗೆ ಧೈರ್ಯ ತುಂಬಲು ಅರಮನೆಯಲ್ಲೇ ಬೇಯಿಸಿ ಉಣ್ಣುತ್ತಿದ್ದರೆಂಬ ಮಾತು ಅಲ್ಲಿ ಈಗಲೂ ಇದೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ಬಡವರ ಹೊಟ್ಟೆ ತುಂಬಿಸಿದ್ದು ಅಲ್ಲಿನವರು ‘ಕಪ್ಪ’ ಎನ್ನುವ ಇದೇ ಮರಗೆಣಸು. ಹೋಳುಗಳನ್ನು ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲುವುದು ಕೇರಳದ ಅಡುಗೆಮನೆಗಳಲ್ಲಿ ಇಂದಿಗೂ ತಪ್ಪದ ರೂಢಿ.