ಉರಿಗಾಂ: ಪ್ರೌಢಶಾಲಾ ದೈಹಿಕ ಶಿಕ್ಷಣ ಮತ್ತು ಕ್ರೀಡೆ

ಬಂಗಾರಪೇಟೆ–ಮಾರಿಕುಪ್ಪಂ ರೈಲು ಮಾರ್ಗದಲ್ಲಿರುವ ಉರಿಗಾಂ, ಕೋಲಾರ ಚಿನ್ನದ ಗಣಿ ಪ್ರದೇಶದ ಭಾಗವಾಗಿದೆ. ಗಣಿ ಕಾಲೋನಿಗಳಲ್ಲಿ ಫುಟ್‌ಬಾಲ್ ಹಾಗೂ ಹಾಕಿ ಬಹುಕಾಲದಿಂದ ಜನಪ್ರಿಯ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿ, 1965ರ ಅರ್ಜುನ ಪ್ರಶಸ್ತಿಗೆ ಭಾಜನರಾದ ಕೆನೆತ್ ಪೊವೆಲ್ ಕೋಲಾರದ ಮೂಲದವರು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ಗಣಿಯ ಆಸರೆ ತಪ್ಪಿದ ತರುವಾಯ ಕಾರ್ಮಿಕ ಕುಟುಂಬಗಳ ಮಕ್ಕಳಿಗೆ ಶಾಲೆಯ ಆಟದ ಅವಧಿಯ ಮಹತ್ವ ಹೆಚ್ಚಿತು. ಅದನ್ನು ಇತರ ಪಾಠಗಳಿಗೆ ಬಿಟ್ಟುಕೊಡುವುದು ಸರಿಯಲ್ಲ. 8ರಿಂದ 10ನೇ ತರಗತಿಯ ವಿದ್ಯಾರ್ಥಿಗಳು ಕಬಡ್ಡಿ, ಖೋ-ಖೋ, ವಾಲಿಬಾಲ್, ಅಥ್ಲೆಟಿಕ್ಸ್ ಮುಂತಾದವುಗಳಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ, ವಿಭಾಗ, ರಾಜ್ಯ ಮಟ್ಟಗಳಿಗೆ ಅರ್ಹರಾಗುತ್ತಾರೆ.

ಗಾಳಿಯ ದಿನಗಳಲ್ಲಿ ಸೈನೈಡ್ ದಿಬ್ಬಗಳ ಧೂಳು ಏಳುವುದರಿಂದ ಅಂತಹ ಹೊತ್ತಿನಲ್ಲಿ ಹೊರಾಂಗಣ ಓಟವನ್ನು ಕೈಬಿಟ್ಟು, ಯೋಗಾಸನವನ್ನು ಕೊಠಡಿಯೊಳಗೆ ನಡೆಸುವುದು ಸೂಕ್ತ.