ಚಿಲ್ಲರೆಯೊಳಗಿನ ಪ್ರೂಫ್ ನಾಣ್ಯ

ಗಾಂಧೀಜಿಯವರ ಜನ್ಮಶತಾಬ್ದಿಯ 1969ರಲ್ಲಿ ಮುಂಬಯಿಯ ಟಂಕಸಾಲೆಯು, ಚಲಾವಣೆಗೆಂದು ಅಸಂಖ್ಯ ನಾಣ್ಯಗಳನ್ನು ಒತ್ತುತ್ತಿದ್ದಂತೆಯೇ, ಸಂಗ್ರಾಹಕರಿಗಾಗಿ, ದರ್ಪಣದಂತೆ ನುಣುಪುಗೊಳಿಸಿದ ಅಚ್ಚುಗಳಿಂದ, ಮೆರುಗಿಟ್ಟ ಬಿಲ್ಲೆಗಳ ಮೇಲೆ ಒಂದಕ್ಕಿಂತ ಹೆಚ್ಚು ಬಾರಿ ಪ್ರಹರಿಸಿ, ಪ್ರೂಫ್ ಎಂಬ ಉತ್ಕೃಷ್ಟ ಪ್ರತಿಗಳನ್ನೂ ನಿರ್ಮಿಸಿತು. ಹೊಳೆಯುವ ಬಯಲು, ಕಡೆದಿಟ್ಟಂತಹ ಅಕ್ಷರಗಳು, ಚೂಪಾದ ಅಂಚು ಇವುಗಳ ಲಕ್ಷಣ. ಆದರೆ ಪೆಟ್ಟಿಗೆಯಿಂದ ಹೊರಬಿದ್ದು ನೂರು ಕೈಗಳನ್ನು ದಾಟಿ ನಮ್ಮ ಕಿಸೆಗೆ ಬಂದ ನಾಣ್ಯದಲ್ಲಿ ಆ ಕಾಂತಿ ಉಳಿಯದು. ಹೊಸದಾದ ಸಾಧಾರಣ ನಾಣ್ಯವೋ ತನ್ನ ಹೊಳಪಿನಿಂದಲೇ ಭ್ರಮೆ ಹುಟ್ಟಿಸುವುದು. ಆಗ ನಂಬತಕ್ಕದ್ದು ಇಸವಿಯ ಬಳಿಯ ಚಿಹ್ನೆಯನ್ನು: ಮುಂಬಯಿಯ ಸಾಧಾರಣ ನಾಣ್ಯಕ್ಕೆ ಪುಟ್ಟ ವಜ್ರಾಕೃತಿ, ಪ್ರೂಫಿಗೆ ‘ಬಿ’ ಅಕ್ಷರ, ನಗರದ ಹೆಸರು ಬದಲಾದ ಬಳಿಕ ‘ಎಂ’. ಹುಣಿಸೆಹಣ್ಣು ಹಚ್ಚಿ ಬೆಳಗಿ ಕೆಡಿಸಿದ ಪ್ರೂಫ್ ನಾಣ್ಯವನ್ನು ಕಂಡಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ.