ಚಿನ್ನದ ಗುಂಡಿಗೆ ಬಂದವರು

ಕೋಲಾರದ ಚಿನ್ನದ ಬಗ್ಗೆ ಬರೆದವರೆಲ್ಲ ಚಿನ್ನದ ಲೆಕ್ಕವನ್ನು ಚೊಕ್ಕವಾಗಿ ಇಟ್ಟಿದ್ದಾರೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೈಹಾಕಿದ್ದು, ಒಟ್ಟು 800 ಟನ್ನಿನಷ್ಟು ಚಿನ್ನ ಮೇಲೆ ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದದ್ದು, 1902ರಲ್ಲಿ ಶಿವನಸಮುದ್ರದ ಕರೆಂಟು ಇಲ್ಲಿಗೆ ಹರಿದದ್ದು, ಎಲ್ಲಾ ಉಂಟು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಇದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಗಣಿ ಅಷ್ಟು ಅವಸರದ್ದು, ಬೆಂಗಳೂರು ಕಾಯಬಹುದಿತ್ತು. ಆದರೆ ಆ ಗುಂಡಿಗೆ ಇಳಿದವರು ಯಾರು ಅಂತ ಕೇಳಿದರೆ 'ಕೂಲಿಗಳು' ಅಂತ ಒಂದು ಪದ ಬರೆದು ಮುಂದಕ್ಕೆ ಹೋಗಿಬಿಡ್ತಾರೆ.

ಬಂದವರಲ್ಲಿ ಬಹುಪಾಲು ಜನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟಿನ ಪರೆಯರು. ನಮ್ಮ ಹೊಲಗೇರಿಯ ಹಾಗೆ ಅಲ್ಲಿ ಚೇರಿ. ನಮ್ಮ ಜೀತದ ಹಾಗೆ ಅಲ್ಲಿ ಪಡಿಯಾಳು ಪದ್ಧತಿ. 1876-78ರ ಧಾತು ಬರ ಅವರನ್ನೂ ತಿಂದಿತ್ತು, ನಮ್ಮನ್ನೂ ತಿಂದಿತ್ತು. ಹೊಟ್ಟೆಪಾಡಿಗೆ ವಲಸೆ ಬಂದರು ಅಂತ ಚರಿತ್ರೆಕಾರರು ಹೇಳೋದು ಅರ್ಧ ಸತ್ಯ. ಇನ್ನರ್ಧ ಏನು ಅಂದರೆ, ಅವರು ಒಡೆಯನನ್ನು ಬಿಟ್ಟು ಬಂದರು. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯೋ ಊರಿನಿಂದ, ದುಡಿದದ್ದಕ್ಕೆ ಕಾಸು ಎಣಿಸಿ ಕೊಡೋ ಊರಿಗೆ ಬಂದರು. ಎಣಿಸುವಾಗ ಮೇಸ್ತ್ರಿ, ಕಂಟ್ರಾಕ್ಟರು ನುಂಗುತ್ತಿದ್ದರು ಅನ್ನೋದು ಬೇರೆ ಮಾತು.

ಆದರೆ ಜಾತಿ ಅವರಿಗಿಂತ ಮೊದಲೇ ಬಂದು ಗಣಿಬಾಯಲ್ಲಿ ಕೂತಿತ್ತು. ಬಂಗಲೆ, ಕ್ಲಬ್ಬು ಬಿಳಿಯರಿಗೆ. ಮೇಲಿನ ನೌಕರಿ ಅವರಿಗೂ ಆಂಗ್ಲೋ ಇಂಡಿಯನ್ನರಿಗೂ. ಬರೆಯೋ ಕೆಲಸ ಮೇಲ್ಜಾತಿಯವರಿಗೆ. ಕಾವಲಿಗೆ ಪಂಜಾಬಿನಿಂದ ಜನ. ಕೇಜಿನಲ್ಲಿ ನಿಂತು ಕತ್ತಲಿಗೆ ಇಳಿಯೋದು, ಕಲ್ಲು ಕೊರೆಯೋದು, ಕೊರೆದ ದೂಳನ್ನು ಎದೆಗೆ ತುಂಬಿಕೊಳ್ಳೋದು ಪರೆಯರಿಗೆ. ಆಳದಲ್ಲಿ ಬಂಡೆಯೇ ಕಾದಿರುತ್ತಿತ್ತು. ಯಾವಾಗ ಸಿಡಿಯುತ್ತೆ ಅಂತ ಇಂಜಿನಿಯರಿಗೂ ಗೊತ್ತಾಗುತ್ತಿರಲಿಲ್ಲ. ಇರೋದಕ್ಕೆ ಬಿದಿರು ತಟ್ಟಿಯ ಸಾಲು ಗುಡಿಸಲು, ಕೂಲಿ ಲೈನು.

ಮೈಸೂರು ಸಂಸ್ಥಾನಕ್ಕೆ ರಾಯಧನ ಬರುತ್ತಿತ್ತು, ಆದ್ದರಿಂದ ಸಂಸ್ಥಾನ ಕಂಪನಿಯ ಕಡೆ ಇತ್ತು. 1897ರಲ್ಲಿ ಗಣಿ ಕಾಯಿದೆ ತಂದರು. ಚಿನ್ನದ ಮಣ್ಣೋ ಮತ್ತೊಂದೋ ಕೂಲಿಯ ಹತ್ತಿರ ಸಿಕ್ಕಿದರೆ, ಅದು ಹೇಗೆ ಬಂತು ಅಂತ ಅವನೇ ಲೆಕ್ಕ ಕೊಡಬೇಕು, ಇಲ್ಲದಿದ್ದರೆ ಅಪರಾಧ. ಲಂಡನ್ನಿಗೆ ಹೋದ ಚಿನ್ನಕ್ಕೆ ಲೆಕ್ಕ ಕೇಳಿದವರು ಮಾತ್ರ ಯಾರೂ ಇಲ್ಲ. 1930ರಲ್ಲಿ ಕಂಪನಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಎಲ್ಲಾ ಕೂಲಿಗಳೂ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂದಿತು. ಹೆಬ್ಬೆಟ್ಟು ಅಂದರೆ ಏನು ಅಂತ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಾಲದ ಪತ್ರಕ್ಕೆ ಒತ್ತಿದ್ದೂ ಅದೇ, ಪೊಲೀಸ್ ಸ್ಟೇಷನ್ನಿನಲ್ಲಿ ಒತ್ತಿಸಿದ್ದೂ ಅದೇ. ಸಾವಿರಾರು ಜನ ಒಟ್ಟಿಗೆ ಕೆಲಸ ಬಿಟ್ಟರು. ಮೂರು ವಾರದ ಹತ್ತಿರ ಹತ್ತಿರ ಗಣಿ ನಿಂತಿತು. ಕಾನೂನು ಒಪ್ಪಿದ ಸಂಘ ಒಂದೂ ಇರಲಿಲ್ಲ, ಕರೆ ಕೊಡೋ ದೊಡ್ಡ ಲೀಡರೂ ಇರಲಿಲ್ಲ. ಅವರು ನಿಂತದ್ದು ಕೂಲಿ ಏರಿಸಿ ಅಂತಲ್ಲ, ನಾವು ಕಳ್ಳರಲ್ಲ ಅಂತ. ಮೈಸೂರಿನ ಚರಿತ್ರೆಯಲ್ಲಿ ಈ ಮುಷ್ಕರಕ್ಕೆ ಸಿಗಬೇಕಾದ ಪುಟಗಳು ಇನ್ನೂ ಸಿಕ್ಕಿಲ್ಲ ಅಂತ ನನ್ನ ತಕರಾರು.

ಈ ಧೈರ್ಯ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ನಿಲ್ಲಬೇಕು. ಮದ್ರಾಸಿನಲ್ಲಿ ಅಯೋತಿದಾಸ ಪಂಡಿತರು ಅಂತ ಒಬ್ಬ ಸಿದ್ಧವೈದ್ಯರಿದ್ದರು, ಪರೆಯರಲ್ಲೇ ಹುಟ್ಟಿದವರು. 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಿಂದ ಒಂದು ಕಾಸಿನ ಪತ್ರಿಕೆ ನಡೆಸಿದರು, 'ತಮಿಳನ್' ಅಂತ. ನಾವು ಮೊದಲು ಬೌದ್ಧರಾಗಿದ್ದವರು, ಜಾತಿ ಆಮೇಲೆ ನಮ್ಮ ತಲೆಗೆ ಕಟ್ಟಿದ್ದು ಅನ್ನೋದು ಅವರ ವಾದ. ಆ ಸಂಘದ ಗಟ್ಟಿ ಶಾಖೆಗಳು ಎಲ್ಲಿ ಬೆಳೆದವು ಅಂದರೆ ನಮ್ಮ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ. ಗುಂಡಿಯಿಂದ ಮೇಲೆ ಬಂದು, ಮೈ ತೊಳೆದುಕೊಂಡು, ಪಂಚಶೀಲ ಹೇಳುವ ಜನ! ಪಂಡಿತರು 1914ರಲ್ಲಿ ತೀರಿಕೊಂಡರು. ನಿಂತುಹೋಗಿದ್ದ ಪತ್ರಿಕೆಯನ್ನು 1926ರಲ್ಲಿ ಮತ್ತೆ ಎಬ್ಬಿಸಿದ್ದು ಕೆಜಿಎಫ್‌ನ ಅಪ್ಪಾದುರೈಯಾರ್. ಪಂಡಿತರ ಪುಸ್ತಕಗಳನ್ನು ಅಚ್ಚುಹಾಕಿ ಉಳಿಸಿದ್ದೂ ಚಾಂಪಿಯನ್ ರೀಫ್‌ನವರೇ. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ತಗೊಂಡದ್ದು 1956ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ಕೋಲಾರ ಜಿಲ್ಲೆಯಲ್ಲಿ ಅಸ್ಪೃಶ್ಯರ ಬುದ್ಧವಿಹಾರ ಇತ್ತು. ನಮ್ಮ ಮನೆಯಿಂದ ಬಸ್ಸಿನ ದೂರದಲ್ಲಿ ಇದ್ದದ್ದನ್ನು ನಾನು ತಿಳಿದದ್ದು ತಲೆ ನರೆತ ಮೇಲೆ.

ಹೊಸ ನೆಲಕ್ಕೆ ಬಂದವರು ಆ ನೆಲದಲ್ಲಿ ಬೆರೆಯಬೇಕು ಅಂತ ಎಲ್ಲಾ ಕಡೆ ಉಪದೇಶ ಇದೆ. ಯಾರ ಜೊತೆ ಬೆರೆಯೋದು? ಸುತ್ತಲ ಹಳ್ಳಿಗಳಲ್ಲಿ ಬೆರೆಯೋದಕ್ಕೆ ಹೋದರೆ ಅವರಿಗೆ ಇದ್ದ ಜಾಗ ನಮ್ಮದೇ ಕೇರಿ, ಊರಾಚೆ. ಅದಕ್ಕೇ ಅವರು ಬೆರೆಯಲಿಲ್ಲ, ಕಟ್ಟಿಕೊಂಡರು. ಶಾಲೆ ಕಟ್ಟಿದರು, ವಿಹಾರ ಕಟ್ಟಿದರು, ಇಗರ್ಜಿ ಕಟ್ಟಿದರು, ಸಂಘ ಕಟ್ಟಿದರು. 1940ರ ದಶಕದಲ್ಲಿ ವಾಸನ್‌ರಂಥ ಕಮ್ಯುನಿಸ್ಟರ ಜೊತೆ ಕೆಂಪು ಬಾವುಟ ಹಿಡಿದರು. 1946ರ ನವೆಂಬರಿನಲ್ಲಿ ಗುಂಡಿಗೆ ಎದೆ ಕೊಟ್ಟರು. ಅದೇ ಜನ ನೀಲಿ ಬಾವುಟವನ್ನೂ ಹಿಡಿದರು. ರಿಪಬ್ಲಿಕನ್ ಪಕ್ಷದವರನ್ನು ಒಂದಕ್ಕಿಂತ ಹೆಚ್ಚು ಸಲ ವಿಧಾನಸಭೆಗೆ ಕಳಿಸಿದ ಊರು ಕರ್ನಾಟಕದಲ್ಲಿ ಇನ್ನೆಲ್ಲಿದೆ, ತೋರಿಸಿ.

ನಾವೇನು ಮಾಡಿದೆವು? ನಮ್ಮೂರಲ್ಲಿ ಹಿರೇಕರು ಗಣಿಯ ಜನರನ್ನು 'ಅರವದೋರು' ಅಂತಿದ್ದರು. ಅರವದೋರಿಗೆ ಹೆಣ್ಣು ಕೊಡೋದಿಲ್ಲ, ತರೋದಿಲ್ಲ. ನಾವೂ ಹೊರಗಿನವರು, ಅವರೂ ಹೊರಗಿನವರು, ಆದರೂ ಹೊರಗಿನವರಲ್ಲಿ ಒಂದು ಒಳಗು. ಆಮೇಲೆ ನಾವು ಓದಿದೆವು, ಬರೆದೆವು, ಬಂಡಾಯ ಅಂದೆವು. ಅಮೆರಿಕದ ಕರಿಯರ ಕವಿತೆ ಕನ್ನಡಕ್ಕೆ ತಂದುಕೊಂಡೆವು, ಮಹಾರಾಷ್ಟ್ರದ ಪ್ಯಾಂಥರುಗಳನ್ನು ಓದಿದೆವು. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಕೆಜಿಎಫ್‌ಗೆ ಹೋಗಲಿಲ್ಲ. ಅವರದು ತಮಿಳು, ನಮ್ಮದು ಕನ್ನಡ. 1991ರ ಡಿಸೆಂಬರಿನಲ್ಲಿ ಕಾವೇರಿ ಹೆಸರಲ್ಲಿ ಬೆಂಗಳೂರಿನ ತಮಿಳು ಕೂಲಿಗಳ ಗುಡಿಸಲಿಗೆ ಬೆಂಕಿ ಬಿದ್ದಾಗ ಸುಟ್ಟದ್ದು ಯಾರ ಗುಡಿಸಲು ಅಂತ ನಮಗೆ ಗೊತ್ತಿತ್ತು. ಹೇಳಿದ ಗಂಟಲು ಕಡಿಮೆ. ನನ್ನದೂ ಹೇಳಲಿಲ್ಲ.

ಸರ್ಕಾರದ ಕಾಗದವಾದರೂ ಅವರನ್ನು ಒಪ್ಪಿತೇ? ಕರ್ನಾಟಕದ ಪಟ್ಟಿಯಲ್ಲಿ ಆದಿ ದ್ರಾವಿಡ ಅಂತ ಇದೆ, ನಿಜ. ಆದರೆ 1950ರ ರಾಷ್ಟ್ರಪತಿ ಆದೇಶದ ಕಾಲಕ್ಕೆ ಇಲ್ಲಿ ನೆಲೆ ನಿಂತಿದ್ದಕ್ಕೆ ಪುರಾವೆ ಬೇಕು. ಒಂದು ರಾಜ್ಯದ ಜಾತಿ ಇನ್ನೊಂದು ರಾಜ್ಯಕ್ಕೆ ಹೊತ್ತು ತಂದರೆ ಮೀಸಲಾತಿಗೆ ನಡೆಯೋದಿಲ್ಲ ಅಂತ 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅವಮಾನ ಮಾತ್ರ ಎಲ್ಲಾ ಗಡಿ ದಾಟುತ್ತೆ, ಅದಕ್ಕೆ ಪುರಾವೆ ಯಾರೂ ಕೇಳೋದಿಲ್ಲ. ಕೂಲಿ ಲೈನಿನಲ್ಲಿ ಹುಟ್ಟಿದವನಿಗೆ ಪಹಣಿ ಎಲ್ಲಿಂದ ಬರಬೇಕು? ಜಮೀನು ಇಲ್ಲ, ಗುಡಿಸಲು ಕಂಪನಿಯದು. ಇನ್ನು ತಾತನ ಹಾಗೆ ಧರ್ಮದ ಕಾಲಮ್ಮಿನಲ್ಲಿ 'ಬೌದ್ಧ' ಅಂತ ಬರೆಸಿದ್ದರೆ, 1990ರವರೆಗೆ ಅವನು ಪರಿಶಿಷ್ಟನೇ ಅಲ್ಲ. ಇಗರ್ಜಿಗೆ ಹೋದವನು ಇವತ್ತಿಗೂ ಅಲ್ಲ.

2000ದ ಮಾರ್ಚಿನಲ್ಲಿ, ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ನಾವು ಬೀದಿಗಿಳಿದೆವು, ಇಳಿಯಲೇಬೇಕಿತ್ತು. ಒಂದು ವರ್ಷ ತುಂಬೋ ಮೊದಲೇ, 2001ರ ಫೆಬ್ರವರಿ 28ಕ್ಕೆ, ಕೆಜಿಎಫ್‌ನ ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು. ಅಲ್ಲಿ ಬೆಂಕಿ ಕಾಣಲಿಲ್ಲ, ಹೊಗೆ ಕಾಣಲಿಲ್ಲ, ನಾವೂ ಕಾಣಲಿಲ್ಲ. ಕಂಪನಿ ಮನೆಯ ಪತ್ರಕ್ಕೆ ಅಂತ ಆ ಜನ ವರ್ಷಗಟ್ಟಲೆ ಅಲೆದರು.

ಈಗ ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹೊರಡುತ್ತೆ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ. ನಿಲ್ಲೋದಕ್ಕೂ ಜಾಗ ಇರೋದಿಲ್ಲ. ಹೌಸ್‌ಕೀಪಿಂಗಿನವರು, ಸೆಕ್ಯೂರಿಟಿಯವರು, ಅಂಗಡಿಯಲ್ಲಿ ಬಟ್ಟೆ ಮಡಿಸೋ ಹುಡುಗಿಯರು, ಕಂಪ್ಯೂಟರ್ ಮುಂದೆ ಕೂರೋ ಹುಡುಗರೂ ಇದ್ದಾರೆ. ಊರಿನಲ್ಲಿ ಸೈನೈಡ್ ಗುಡ್ಡಗಳಿವೆ, ಚಿನ್ನ ತೆಗೆದು ಬಿಸಾಕಿದ ಮಣ್ಣು, ಮೂರು ಕೋಟಿ ಟನ್ನಿಗೂ ಮೇಲೆ. ಗಾಳಿ ಎದ್ದರೆ ಆ ಬಿಳೀ ದೂಳು ಲೈನುಗಳ ಮೇಲೆ ಕೂರುತ್ತೆ. ಹೋದ ಸಲ ಆ ರೈಲಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ನನ್ನ ಹತ್ತಿರ ಒಳ್ಳೆ ಕನ್ನಡದಲ್ಲೇ ಮಾತಾಡಿದಳು. ಕೆಲಸದ ಕಡೆ ಯಾವೂರು ಅಂತ ಕೇಳಿದರೆ ಏನಂತೀಯಮ್ಮ ಅಂದೆ. "ಬಂಗಾರಪೇಟೆ ಅಂತೀನಿ ಅಂಕಲ್. ಕೆಜಿಎಫ್ ಅಂದ್ರೆ, ಓ ತಮಿಳ್ನಾಡಾ ಅಂತ ಕೇಳ್ತಾರೆ" ಅಂದಳು.